ಎರಡನೆಯ ತಳ

ಶಬ್ದದಿಂದ ಶ್ವಾಸಕೋಶವನ್ನು ನೋಡುವುದು ಎಂದೆಂದಿಗೂ ಆಗದ ಕೆಲಸ ಎಂದು ತೀರ್ಪು ಕೊಟ್ಟವರು ಸದಾಶಿವಗಡದ ನನ್ನ ವಾಮನ ಮಾಮಾ. ನಾನು ನಮ್ಮ ಮನೆತನದ ಮೊದಲ ಪದವೀಧರೆ, ಅದೂ ವೈದ್ಯೆ. ಅಂಕೋಲೆಯ ಆಸ್ಪತ್ರೆಯೊಂದರಲ್ಲಿ ಕುರ್ಚಿ ಹಿಡಿದು ಕೂತವಳು. ಆದರೂ ಈ ವಿಷಯದಲ್ಲಿ ಅವರೇ ನನಗಿಂತ ಹಿರಿಯ ತಜ್ಞರು. ಅವರ ದೋಣಿಯಲ್ಲಿ ಮೀನು ಹುಡುಕುವ ಯಂತ್ರವಿದೆ. ಅದು ನೀರೊಳಗೆ ಶಬ್ದವನ್ನು ಕಳಿಸಿ, ಮರಳಿ ಬಂದ ಪ್ರತಿಧ್ವನಿಯನ್ನು ಪರದೆಯ ಮೇಲೆ ಚಿತ್ರಿಸುತ್ತದೆ. ನಮ್ಮ ಅಲ್ಟ್ರಾಸೌಂಡ್ ಮಾಡುವುದೂ ಅಷ್ಟೇ.

"ದೋಣಿ ಪಂಖದ ನೊರೆ ಅಡಿಗೆ ಬಂದ್ರೆ ಮಷೀನು ಕುರುಡು" ಎಂದರು ಮಾಮಾ. "ಪುಪ್ಪುಸದಲ್ಲಿ ಇರೂದೇ ಗಾಳಿ. ಅದ್ರಲ್ಲಿ ನೀ ಎಂತ ನೋಡ್ತಿ?"

ನನ್ನ ಹಳೆಯ ಪಠ್ಯಪುಸ್ತಕಗಳೂ ಮಾಮಾನ ಪಕ್ಷವನ್ನೇ ವಹಿಸಿದ್ದವು ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ. ಸೋಲೊಪ್ಪಿಕೊಳ್ಳುವಷ್ಟು ವಿದ್ಯೆ ಆಗಿನ್ನೂ ನನಗೆ ಬಂದಿರಲಿಲ್ಲ.

ನಮ್ಮ ಆಸ್ಪತ್ರೆಗೆ ಹೊಸ ಅಲ್ಟ್ರಾಸೌಂಡ್ ಯಂತ್ರ ಬಂದಿತ್ತು. ಅದರ ಚಿತ್ರ ಓದಬಲ್ಲವರಿಲ್ಲದೆ ಅದು ಪೆಟ್ಟಿಗೆಯಲ್ಲೇ ಇತ್ತು. ಏದುಸಿರಿನವರು ಮಾತ್ರ ಆಂಬುಲೆನ್ಸಿನಲ್ಲಿ ದೂರದ ಊರುಗಳಿಗೆ ಹೋಗುತ್ತಲೇ ಇದ್ದರು. ಪೆಟ್ಟಿಗೆ ತೆರೆಯಬೇಕಾದರೆ ಕಾರವಾರದ ತರಬೇತಿಯಲ್ಲಿ ನಾನು ಪಾಸಾಗಬೇಕಿತ್ತು.

ಅಲ್ಲಿ ಕಲಿತ ವಿಚಿತ್ರವೊಂದನ್ನು ಹೇಳಲೇಬೇಕು. ಗಾಳಿ ಶಬ್ದವನ್ನು ಒಳಗೆ ಬಿಡದೆ ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಶ್ವಾಸಕೋಶದ ಹೊದಿಕೆಯ ಬಿಳಿಗೆರೆ ಪರದೆಯ ಮೇಲೆ ಸಮಾನ ಅಂತರದಲ್ಲಿ ಎರಡು, ಮೂರು ಸಲ ಕಾಣುತ್ತದೆ. ಕೆಳಗಿನವೆಲ್ಲ ಸುಳ್ಳುಗೆರೆಗಳು. ಆದರೆ ಆ ಸುಳ್ಳೇ ಅಲ್ಲಿ ಸಾಕ್ಷಿ: ಅವು ಇದ್ದರೆ ಎದೆಯಲ್ಲಿ ನೀರಿಲ್ಲ, ಗಾಳಿಯಿದೆ ಎಂದರ್ಥ.

ಈ ಸುಳ್ಳುಗೆರೆ ನನಗೆ ಬಾಲ್ಯದ ಪರಿಚಯ. ಆಳವಿಲ್ಲದ ನೀರಲ್ಲಿ ಗಟ್ಟಿ ತಳಕ್ಕೆ ಬಡಿದ ಶಬ್ದ ದೋಣಿಯ ಹೊಟ್ಟೆಗೂ ತಾಗಿ ಮತ್ತೆ ಕೆಳಗಿಳಿಯುತ್ತದೆ. ಆಗ ಪರದೆಯಲ್ಲಿ ಎರಡನೆಯ ತಳವೊಂದು ಹುಟ್ಟುತ್ತದೆ. ರಜೆಯಲ್ಲಿ ಮಾಮಾ ನನ್ನನ್ನು ಕಾಳಿ ನದಿಯ ಅಳಿವೆಯವರೆಗೆ ಕರೆದೊಯ್ಯುವಾಗ, ಗುಂಡಿ ತಿರುಗಿಸಿ ಆ ಸುಳ್ಳು ತಳವನ್ನು ಅಳಿಸುವ ಘನಕಾರ್ಯ ನನ್ನದಾಗಿತ್ತು.

ಪರೀಕ್ಷೆಯ ದಿನ ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಅದೇ ಕೆಲಸ ಮಾಡಿದವು. ಒಂದೊಂದೇ ಗೆರೆ ಮಾಯವಾಗಿ ಪರದೆ ಹಬ್ಬದ ಅಂಗಳದಂತೆ ಸ್ವಚ್ಛವಾಯಿತು. ಮೆಚ್ಚುಗೆಯ ನಿರೀಕ್ಷೆಯಲ್ಲಿ ನಾನು ಪರೀಕ್ಷಕಿಯ ಮುಖ ನೋಡಿದೆ.

"ನಾವು ಓದಬೇಕಾದದ್ದನ್ನೇ ಅಳಿಸಿದಿರಲ್ಲ, ಡಾಕ್ಟ್ರೇ" ಎಂದರು ಅವರು ಮೃದುವಾಗಿ. ಫೇಲು. ಇನ್ನೊಂದೇ ಅವಕಾಶ.

ಆ ಅವಕಾಶ ಬಂದ ಬೆಳಿಗ್ಗೆ ಹಣಕೋಣದ ಹೆಂಗಸೊಬ್ಬರನ್ನು ಕರೆತಂದರು. ಕಾಲು ಮುರಿದು ವಾರಗಟ್ಟಲೆ ಮಲಗಿದ್ದವರಿಗೆ ಇದ್ದಕ್ಕಿದ್ದಂತೆ ಉಸಿರು ಸಾಲುತ್ತಿರಲಿಲ್ಲ. ಇದೇ ನಿಮ್ಮ ಪರೀಕ್ಷೆ ಎಂದು ಪರೀಕ್ಷಕಿ ನನ್ನ ಹೆಗಲಿಗೆ ತಾಗಿ ನಿಂತರು. ಗುಂಡಿ ತಿರುಗಿಸುವ ಎಡಗೈಯನ್ನು ನಾನು ಕೋಟಿನ ಜೇಬಿನಲ್ಲಿ ಬಂಧಿಸಿಟ್ಟೆ. ಅದರ ಮೇಲೆ ನನಗೆ ವಿಶ್ವಾಸವಿರಲಿಲ್ಲ. ಎದೆಯ ಎರಡೂ ಬದಿಗೆ ಸುಳ್ಳುಗೆರೆಗಳು ಮೆಟ್ಟಿಲಿನಂತೆ ಅಚ್ಚುಕಟ್ಟಾಗಿ ನಿಂತಿದ್ದವು. ನೀರಿಲ್ಲ, ಕಫವಿಲ್ಲ, ಶ್ವಾಸಕೋಶ ಒಣಗಿಯೇ ಇದೆ. ಹಾಗಿದ್ದರೆ ಉಸಿರು ಎಲ್ಲಿ ಸಿಕ್ಕಿಕೊಂಡಿತು? ವಾರಗಟ್ಟಲೆ ಅಲುಗದ ಕಾಲು ನೆನಪಾಗಿ, ಯಂತ್ರದ ಹಿಡಿಯನ್ನು ತೊಡೆಗಿಳಿಸಿದೆ. ಅಲ್ಲಿ ಒತ್ತಿದರೆ ಚಪ್ಪಟೆಯಾಗಬೇಕಿದ್ದ ರಕ್ತನಾಳ ಜಗ್ಗಲಿಲ್ಲ. ಒಳಗೆ ಹೆಪ್ಪುಗಟ್ಟಿದ ರಕ್ತ. ಅದರ ತುಣುಕೊಂದು ತೇಲಿಹೋಗಿ ಶ್ವಾಸಕೋಶದ ನಾಳವನ್ನು ಮುಚ್ಚಿರಬೇಕು ಎಂದೆ. ಪರೀಕ್ಷಕಿ ತಾವೂ ಒತ್ತಿ ನೋಡಿ, ರಕ್ತ ತೆಳುವಾಗಿಸುವ ಔಷಧಿಗೆ ಬರೆದರು. ಆಮೇಲೆ ಮಾಡಿಸಿದ ಸ್ಕ್ಯಾನೂ ಅದನ್ನೇ ಹೇಳಿತು.

ಮೂರನೆಯ ದಿನ ಆಕೆ ಎದ್ದು ಕೂತು, ಸಾರಿಗೆ ಹುಳಿಯಿಲ್ಲವೆಂದು ನರ್ಸಿನೊಡನೆ ಜಗಳ ತೆಗೆದರು. ಚೇತರಿಕೆಗೆ ಅದಕ್ಕಿಂತ ಒಳ್ಳೆಯ ಲಕ್ಷಣ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಪ್ರಮಾಣಪತ್ರ ಕೊಡುವ ದಿನ ಮಾಮಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದರು. ಪರೀಕ್ಷಕಿ ಕಾಗದವನ್ನು ನನ್ನ ಕೈಗಿತ್ತರು. ನಾನು ಕೆಳಗಿಳಿದು ಮಾಮಾನ ಕೈಗಿತ್ತೆ. ಅವರು ನನ್ನ ಹೆಸರಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿ, ಸುತ್ತಲಿನವರಿಗೂ ತೋರಿಸಿ, ಕೊನೆಗೆ ನನ್ನತ್ತ ಬಾಗಿ, ಮಗಳೇ ಎಂಬರ್ಥದ ತಮ್ಮ ಹಳೆಯ 'ಬಾಯ್' ಸೇರಿಸಿ ಹೇಳಿದರು.

"ನಾಳೆ ಅಂಕೋಲೆಗೆ ಬರ್ತೆ. ಪೆಟ್ಟಿಗೆ ತೆಗ್ದು ಮೊದಲು ನನ್ನ ಎದೆ ನೋಡು, ಬಾಯ್. ಬೀಡಿ ಬಿಡು ಹೇಳೂದು ಮಾತ್ರ ಬೇಡ."