ದುಂಡನೆಯ ಸೈಟು

ಬನಶಂಕರಿಯಲ್ಲಿ ಹಪ್ಪಳ ಮಾಡಿ ಮಾರುವ ಆಂಟಿಯೊಬ್ಬರಿಗೆ ವೆಬ್‌ಸೈಟ್ ಮಾಡಿಕೊಟ್ಟೆ. ನೋಡೋಕೆ ಬಂದವರು ಕೊಳ್ಳದೆ ಹೋಗಬಾರದು ಅಂತ ‘ಈಗಲೇ ಕೊಳ್ಳಿ’ ಬಟನ್ನಿನ ಬಣ್ಣಕ್ಕೇ ಸಿಕ್ಕಾಪಟ್ಟೆ ತಲೆ ಕೆಡಿಸಿಕೊಂಡಿದ್ದೆ. ಆಂಟಿ ಖುಷಿಯಲ್ಲಿ ಏರಿಯಾದ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದರು: ‘ನಮ್ಮ ಹೊಸ ಸೈಟ್ ರೆಡಿ. ಎಲ್ಲರೂ ನೋಡಿ.’ ಲಿಂಕ್ ಹಾಕೋದು ಮರೆತು ಫೋನ್ ನಂಬರ್ ಮಾತ್ರ ಕೊಟ್ಟಿದ್ದರು.

ನಾನಿನ್ನೂ ಅವರ ಮನೆಯಲ್ಲೇ ಕೂತಿದ್ದೆ, ಫೋನ್ ಬಂತು. ಸ್ಪೀಕರಿನಲ್ಲಿ ಯಾರೋ ಅಂಕಲ್: “ಮೇಡಂ, ಸೈಟು ಥರ್ಟಿ ಫಾರ್ಟಿನಾ? ಈಸ್ಟ್ ಫೇಸಿಂಗಾ?”

ಆಂಟಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ದುಂಡಗಿದೆ ಸಾರ್,” ಅಂದರು ಆಂಟಿ. “ಉದ್ದಿನದು. ಎಣ್ಣೆಗೆ ಬಿಟ್ರೆ ಡಬಲ್ ಆಗತ್ತೆ.”

ಸಂಜೆಯೊಳಗೆ ಸೈಟ್ ಕೇಳಿದವರೆಲ್ಲ ಬಂದು ಹಪ್ಪಳ ಒಯ್ದರು. ನನ್ನ ಬಟನ್ನನ್ನು ಇವತ್ತಿನವರೆಗೂ ಯಾರೂ ಒತ್ತಿಲ್ಲ. ಬಣ್ಣ ಮಾತ್ರ ಸಖತ್ತಾಗಿದೆ.