ಮಹಡಿ ಹತ್ತಿದ ಹೊಲಿಗೆ ಮಷೀನು

ಸ್ನೇಹಿತರೇ, ಇವತ್ತು ಕೆ.ಆರ್. ಪುರದಲ್ಲಿ ಒಂದು ಫೋಟೊ ತೆಗೆದೆ. ಯಾದಗಿರಿ ಕಡೆಯಿಂದ ಬಂದಿರುವ ಮಲ್ಲಮ್ಮನವರಿಗೆ ನಮ್ಮ ಸಂಸ್ಥೆ ಆರು ತಿಂಗಳ ಹಿಂದೆ ಹೊಲಿಗೆ ಮಷೀನು ಕೊಟ್ಟಿತ್ತು. ಅದರ ಮುಂದೆ ಅವರು ಕೂತಿರುವ ಚಿತ್ರ ಆಫೀಸಿಗೆ ಬೇಕಿತ್ತು. ಹೋಗಿ ನೋಡಿದರೆ ಅವರ ಬಾಡಿಗೆ ಕೋಣೆಯಲ್ಲಿ ಮಷೀನೇ ಇಲ್ಲ.

"ಮಾರಿಬಿಟ್ರಾ?" ಎಂದೆ.

"ಇಲ್ರೀ ಮೇಡಂ. ರೇಷನ್ ಕಾರ್ಡಿನವರು ಮನಿ ನೋಡ್ಲಾಕ ಬರ್ತಾರಂತ. ಮಷೀನ್ ಕಂಡ್ರ ಬಡವರಲ್ಲ ಅಂತ ಕಾರ್ಡ್ ತೆಗೀತಾರ. ಅದಕ್ಕ ಮ್ಯಾಲ ಓನರ್ ಮನ್ಯಾಗ ಇಟ್ಟೀನಿ. ಅವರ ಮನಿ ನೋಡ್ಲಾಕ ಯಾರೂ ಬರಂಗಿಲ್ರಿ."

ಮಹಡಿಗೆ ಹೋಗಿ ಅಲ್ಲೇ ಫೋಟೊ ತೆಗೆದು ಕಳಿಸಿದೆ. ಗ್ರಾನೈಟ್ ನೆಲ, ಗೋಡೆಯಗಲದ ಟಿವಿ, ನಡುವೆ ಮಲ್ಲಮ್ಮ. ಐದೇ ನಿಮಿಷಕ್ಕೆ ಮ್ಯಾನೇಜರ್ ಫೋನು.

"ಆರು ತಿಂಗಳಲ್ಲಿ ಇಷ್ಟು ಚೇಂಜಾ? ಈ ವರ್ಷದ ರಿಪೋರ್ಟ್ ಕವರ್‌ಗೆ ಇದನ್ನೇ ಹಾಕೋಣ."

"ಸರ್, ಅದು ಓನರ್ ಮನೆ."

"ಇರ್ಲಿ ಬಿಡಿ, ಬ್ಯಾಕ್‌ಗ್ರೌಂಡ್ ಚೆನ್ನಾಗಿದೆ."

ಕವರ್ ವಿಷಯ ಹೇಳಿದಾಗ ಮಲ್ಲಮ್ಮ ಒಂದೇ ಷರತ್ತು ಹಾಕಿದರು. "ನನ್ನ ಮುಖ ಕಾಣಬಾರದ್ರಿ. ಕಾರ್ಡಿನವರು ನೋಡಿದ್ರ?"

ಫೋಟೊದಿಂದ ಮಲ್ಲಮ್ಮನವರನ್ನೇ ಕತ್ತರಿಸಿ ಮತ್ತೆ ಕಳಿಸಿದ್ದೇನೆ. ಈಗ ಚಿತ್ರದಲ್ಲಿ ಮಷೀನು ಇದೆ, ಗ್ರಾನೈಟ್ ಇದೆ, ಟಿವಿ ಇದೆ. ಬಡತನ ಹುಡುಕಿದರೂ ಕಾಣುವುದಿಲ್ಲ.