ಹೆಣದ ಮುಂದೆ ರೊಟ್ಟಿ

ಎಪ್ಪತ್ತರ ದಶಕದಲ್ಲಿ ನಮ್ಮ ಮ್ಯೂಸಿಯಮ್ಮಿನ ಚಿತ್ರಗಳನ್ನು ವ್ಯಾನಿನಲ್ಲಿ ಹೇರಿಕೊಂಡು ತಾಲ್ಲೂಕು ತಾಲ್ಲೂಕು ತಿರುಗುತ್ತಿದ್ದೆ. ಸಿಂದಗಿಯ ಶಾಲೆಯೊಂದರಲ್ಲಿ ಅವನ್ನು ಜನರಿಗೆ ತೋರಿಸಲು ತೂಗುಹಾಕಿ, ಮಧ್ಯಾಹ್ನ ಯಾರೂ ಇಲ್ಲವೆಂದು ಗೋಡೆಗೊರಗಿ ಬುತ್ತಿ ಬಿಚ್ಚಿದೆ. ಎದುರಿಗೆ ಯುರೋಪಿನ ಹಳೆಯ ಚಿತ್ರವೊಂದರ ನಕಲು: ಶಿಲುಬೆಯಿಂದ ಇಳಿಸಿದ ಏಸುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ತಾಯಿ ಮರಿಯಾ. ಬರೆದವರು ಯಾರೋ, ಯಾರಿಗೂ ಗೊತ್ತಿಲ್ಲ.

"ಥೂ ತಮ್ಮಾ! ಹೆಣಾ ಮುಂದಿಟ್ಕೊಂಡು ರೊಟ್ಟಿ ತಿನ್ನಾಕತ್ತೀಯಲ್ಲೋ!"

ತಿರುಗಿ ನೋಡಿದೆ. ಬಾಗಿಲಲ್ಲಿ ಹೊರ್ತಿ ಊರಿನ ಕಡೆಯ ಮುದುಕಿಯೊಬ್ಬಳು, ಹಿಂದೆ ನಾಲ್ಕಾರು ಹೆಂಗಸರು.

"ಅದು ಬರೇ ಚಿತ್ರ ಐತಿ, ಆಯಿ. ಅದೂ ನಕಲು," ಎಂದೆ.

"ಇದ್ದೀತು. ಆಕಿ ಮಾರಿ ಒಮ್ಮೆರ ನೋಡೀಯೇನು?"

ಅಷ್ಟಂದವಳೇ ಚಿತ್ರದ ಮುಂದೆ ಕುಕ್ಕರಿಸಿ, ತಲೆ ತುಂಬ ಸೆರಗು ಹೊದ್ದು, ಹಾಡಿಕೊಂಡು ಅಳತೊಡಗಿದಳು. "ಎಂಥಾ ಮಗನ್ನ ಕಳಕೊಂಡ್ಯವ್ವಾ..." ಉಳಿದ ಹೆಂಗಸರೂ ದನಿಗೂಡಿಸಿದರು. ನಾನು ರೊಟ್ಟಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಎದ್ದು ನಿಂತೆ.

ಕೊನೆಗೆ ಮುದುಕಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಮಣ್ಣು ಮಾಡೂದು ಎಷ್ಟೊತ್ತಿಗೆ, ತಮ್ಮಾ?"

ಚಿತ್ರದ ನೆರಳು ಬೆಳಕಿನ ಬಗ್ಗೆ ಏನು ಕೇಳಿದರೂ ಹೇಳುವಷ್ಟು ಬಾಯಿಪಾಠ ಮಾಡಿದ್ದೆ.

ಸಂಜೆ ಆ ಚಿತ್ರವನ್ನು ಬಟ್ಟೆ ಸುತ್ತಿ ವ್ಯಾನಿನಲ್ಲಿಟ್ಟೆ. ಆಮೇಲೆ ತಲೆಮೇಲೆ ತಣ್ಣೀರು ಸುರಿದುಕೊಂಡೇ ರೊಟ್ಟಿ ತಿಂದೆ.